ನಿಸ್ತಂತು ಸಂವೇದಕ ಜಾಲಗಳ ಪ್ರೋಟೋಕಾಲ್ ವಿನ್ಯಾಸ

ನಿಸ್ತಂತು ಸಂವೇದಕ ಜಾಲಗಳ ಪ್ರೋಟೋಕಾಲ್ ವಿನ್ಯಾಸವು, ಬ್ಯಾಟರಿಯಿಂದ ನಡೆಯುವ ಸಣ್ಣ ಸಂವೇದಕ ಘಟಕಗಳು ತಾವು ಅಳೆದ ಮಾಹಿತಿಯನ್ನು ರೇಡಿಯೋ ಮೂಲಕ ಸಂಗ್ರಹ ಕೇಂದ್ರಕ್ಕೆ ತಲುಪಿಸಲು ಪಾಲಿಸಬೇಕಾದ ನಿಯಮಗಳನ್ನು ರೂಪಿಸುವ ಕಾರ್ಯವಾಗಿದೆ. ಇಂತಹ ಪ್ರತಿಯೊಂದು ಘಟಕಕ್ಕೆ ನೋಡ್ ಎಂದು ಹೆಸರು. ಹೊಲ, ಕಾಡು, ಸೇತುವೆಗಳಲ್ಲಿರುವ ನೋಡ್‌ಗಳ ಬ್ಯಾಟರಿಯನ್ನು ಪದೇ ಪದೇ ಬದಲಿಸುವುದು ಕಷ್ಟವಾದುದರಿಂದ, ವೇಗಕ್ಕಿಂತ ಶಕ್ತಿಯ ಮಿತವ್ಯಯಕ್ಕೆ ಇಲ್ಲಿ ಹೆಚ್ಚಿನ ಪ್ರಾಧಾನ್ಯವಿದೆ.

ಮಾಧ್ಯಮ ಬಳಕೆಯ ನಿಯಂತ್ರಣ

ನೋಡ್‌ನಲ್ಲಿ ಸಾಮಾನ್ಯವಾಗಿ ಹೆಚ್ಚು ಶಕ್ತಿಯನ್ನು ಬಳಸುವ ಭಾಗ ರೇಡಿಯೋ. ಸಂದೇಶ ಬಾರದಿದ್ದರೂ ಸುಮ್ಮನೆ ಆಲಿಸುತ್ತಿರಲು ತಗಲುವ ಶಕ್ತಿಯು, ಸಂದೇಶವನ್ನು ಸ್ವೀಕರಿಸಲು ತಗಲುವ ಶಕ್ತಿಗೆ ಬಹುಮಟ್ಟಿಗೆ ಸಮನಾಗಿರುತ್ತದೆ. ಆದ್ದರಿಂದ ರೇಡಿಯೋವನ್ನು ಹೆಚ್ಚು ಕಾಲ ನಿದ್ರಾಸ್ಥಿತಿಯಲ್ಲಿಡಲಾಗುತ್ತದೆ. 2002ರಲ್ಲಿ ಪ್ರಕಟವಾದ ಎಸ್-ಮ್ಯಾಕ್‌ನಲ್ಲಿ ನೆರೆಯ ನೋಡ್‌ಗಳು ಒಂದೇ ವೇಳಾಪಟ್ಟಿಯಂತೆ ಎಚ್ಚರಗೊಳ್ಳುತ್ತವೆ. 2004ರ ಬಿ-ಮ್ಯಾಕ್‌ನಲ್ಲಿ ಪ್ರತಿ ನೋಡ್ ತನ್ನದೇ ಕಾಲಕ್ಕೆ ಎದ್ದು ಕ್ಷಣಕಾಲ ಆಲಿಸುತ್ತದೆ. ಅದು ಏಳುವವರೆಗೂ ಮುಂದುವರಿಯುವಷ್ಟು ದೀರ್ಘವಾದ ಮುನ್ಸಂಕೇತವನ್ನು ಕಳುಹಿಸುವುದು ಪ್ರೇಷಕದ ಹೊಣೆ. ಎರಡರಲ್ಲಿಯೂ ಶಕ್ತಿ ಉಳಿಯುತ್ತದೆ, ಆದರೆ ಸಂದೇಶ ತಡವಾಗುತ್ತದೆ.

ಮಾರ್ಗ ನಿರ್ಣಯ

ದೂರದ ನೋಡ್‌ಗಳ ಮಾಹಿತಿಯು ನಡುವಿನ ನೋಡ್‌ಗಳ ಮೂಲಕ ಸಾಗುತ್ತದೆ. ಹೀಗಾಗಿ ಸಂಗ್ರಹ ಕೇಂದ್ರದ ಸಮೀಪದ ನೋಡ್‌ಗಳ ಮೇಲೆ ಹೊರೆ ಹೆಚ್ಚಿ, ಅವುಗಳ ಬ್ಯಾಟರಿ ಮೊದಲು ಬರಿದಾಗುತ್ತದೆ. ಆಗ ಹಿಂದಿನ ನೋಡ್‌ಗಳು ಸುಸ್ಥಿತಿಯಲ್ಲಿದ್ದರೂ ಸಂಪರ್ಕ ಕಡಿಯುತ್ತದೆ. 2000ದಲ್ಲಿ ಪ್ರಕಟವಾದ ಲೀಚ್ ಪ್ರೋಟೋಕಾಲ್ ನೋಡ್‌ಗಳನ್ನು ಗುಂಪುಗಳಾಗಿಸಿ, ಗುಂಪಿನ ಮುಖ್ಯ ನೋಡ್‌ನ ಹೊಣೆಯನ್ನು ಸರದಿಯಂತೆ ಹಂಚುತ್ತದೆ. 2012ರಲ್ಲಿ ಮಾನಕವಾದ ಆರ್‌ಪಿಎಲ್, ಕೊಂಡಿಗಳ ಗುಣಮಟ್ಟವನ್ನು ಪರಿಗಣಿಸಿ ಮೂಲ ನೋಡ್‌ನ ಕಡೆಗೆ ಮಾರ್ಗಗಳನ್ನು ರಚಿಸಬಲ್ಲದು.

ಅಂತರಜಾಲದೊಂದಿಗೆ ಜೋಡಣೆ

2003ರ ಐಇಇಇ 802.15.4 ಮಾನಕದಲ್ಲಿ ಒಂದು ಚೌಕಟ್ಟಿನ ಗರಿಷ್ಠ ಗಾತ್ರ 127 ಬೈಟ್. ಐಪಿವಿ6ರ ಶಿರೋಭಾಗವೇ 40 ಬೈಟ್ ಇದ್ದು, ಕೊಂಡಿಯು 1280 ಬೈಟ್‌ಗಳ ಪೊಟ್ಟಣವನ್ನು ಸಾಗಿಸಬೇಕೆಂಬ ನಿಯಮವೂ ಇದೆ. 2007ರ 6ಲೋಪ್ಯಾನ್ ಮಾನಕವು ಶಿರೋಭಾಗವನ್ನು ಕುಗ್ಗಿಸಿ, ಪೊಟ್ಟಣವನ್ನು ತುಂಡುಗಳಾಗಿಸಿ ಈ ಅಂತರವನ್ನು ನಿವಾರಿಸುತ್ತದೆ.

ಕರ್ನಾಟಕದಲ್ಲಿ ಪ್ರಯೋಗ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಸ್ವಿಟ್ಜರ್‌ಲೆಂಡಿನ ಇಪಿಎಫ್ಎಲ್ ಜಂಟಿಯಾಗಿ 2000ರ ದಶಕದಲ್ಲಿ ‘ಕಾಮನ್‌ಸೆನ್ಸ್ ನೆಟ್’ ಯೋಜನೆಯನ್ನು ಕೈಗೊಂಡವು. ಇದರ ಕ್ಷೇತ್ರ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರ. ಮಳೆಯಾಶ್ರಿತ ಕಡಲೆಕಾಯಿ ಬೆಳೆಯುವ ಈ ಪ್ರದೇಶದಲ್ಲಿ ಮಣ್ಣಿನ ತೇವಾಂಶ ಮುಂತಾದವುಗಳನ್ನು ಅಳೆದು, ಸಣ್ಣ ರೈತರ ಬೇಸಾಯದ ನಿರ್ಧಾರಗಳಿಗೆ ನೆರವಾಗುವುದು ಅದರ ಉದ್ದೇಶವಾಗಿತ್ತು. ಮಣ್ಣಿನ ತೇವಾಂಶ ನಿಧಾನವಾಗಿ ಬದಲಾಗುವುದರಿಂದ, ಇಂತಹ ಬಳಕೆಯಲ್ಲಿ ಸಂದೇಶ ಕೆಲವು ನಿಮಿಷ ತಡವಾದರೂ ಬಾಧಕವಿಲ್ಲ. ಆದರೆ ಬಿತ್ತನೆಯಿಂದ ಕೊಯ್ಲಿನವರೆಗೆ ಬ್ಯಾಟರಿ ಬಾಳದಿದ್ದರೆ, ಬೆಳೆ ಒಣಗುವ ನಿರ್ಣಾಯಕ ದಿನಗಳ ದಾಖಲೆಯೇ ದೊರೆಯುವುದಿಲ್ಲ.