ಪಟ್ಟಿಯಲ್ಲಿ ಹೆಸರಿಲ್ಲದ ಬೇನೆ

ಕಲಘಟಗಿಯ ಸಂತೆಯಲ್ಲಿ ಯಾರಾದರೂ ಮೂರ್ಛೆ ಬಂದು ಬಿದ್ದರೆ ನೆರೆದವರು ಮೊದಲು ಹುಡುಕುವುದು ಕಬ್ಬಿಣದ ಕೀಲಿಕೈ, ಇಲ್ಲವೇ ಜಜ್ಜಿದ ಉಳ್ಳಾಗಡ್ಡಿ. ಎರಡರಿಂದಲೂ ಪ್ರಯೋಜನವಿಲ್ಲ. ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಸೆಳೆತ ತಾನಾಗಿ ನಿಲ್ಲುತ್ತದೆ. ಬಿದ್ದವರು ಎದ್ದು, ಧೂಳು ಕೊಡವಿಕೊಂಡು ಮನೆಗೆ ನಡೆಯುತ್ತಾರೆ. ಮರುದಿನ ಅವರನ್ನು ಕಂಡವರಿಗೆ ಯಾವ ಊನವೂ ಕಾಣದು. ಕಣ್ಣಿಗೆ ಕಾಣದ ಈ ಬೇನೆಯನ್ನು ಅಂಗವೈಕಲ್ಯವೆಂದು ಅಳೆಯುವುದು ಹೇಗೆ?

ಅಪಸ್ಮಾರ ನಮ್ಮ ಕಾನೂನಿಗೆ ಅಪರಿಚಿತವೇನಲ್ಲ. 1976ರ ತಿದ್ದುಪಡಿಯು ಹಿಂದೂ ವಿವಾಹ ಕಾಯ್ದೆಯಲ್ಲಿ ಹುಚ್ಚಿನ ಪಕ್ಕದಲ್ಲೇ ಅಪಸ್ಮಾರವನ್ನೂ ಹೆಸರಿಸಿತು. ಪದೇ ಪದೇ ಮೂರ್ಛೆ ಬರುವವರ ಮದುವೆಯನ್ನು ನ್ಯಾಯಾಲಯದಲ್ಲಿ ರದ್ದುಪಡಿಸಲು ಇದರಿಂದ ದಾರಿಯಾಯಿತು. ಆ ಒಂದು ಶಬ್ದವನ್ನು ಕಾಯ್ದೆಯಿಂದ ಕಿತ್ತುಹಾಕಿದ್ದು 1999ರಲ್ಲಿ. ರೋಗವನ್ನು ಮುಚ್ಚಿಟ್ಟು ಮಗಳ ಮದುವೆ ಮಾಡುವ ತಾಯಿ ತಂದೆಯರ ಭಯಕ್ಕೆ ಅಷ್ಟು ವರ್ಷ ಕಾನೂನಿನ ಬೆಂಬಲವೂ ಇತ್ತು.

ಈ ನಡುವೆ 1995ರಲ್ಲಿ ಅಂಗವಿಕಲರ ಕಾಯ್ದೆ ಬಂತು. ಅದು ಗುರುತಿಸಿದ ಏಳು ಬಗೆಯ ವೈಕಲ್ಯಗಳಲ್ಲಿ ಅಪಸ್ಮಾರ ಇರಲಿಲ್ಲ. ಸೌಲಭ್ಯ ಪಡೆಯಲು ವೈಕಲ್ಯದ ಪ್ರಮಾಣ ಕನಿಷ್ಠ ಶೇ 40 ಇರಬೇಕಿತ್ತು. 2001ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ, ನರಸಂಬಂಧಿ ತೊಂದರೆಗಳ ಭಾಗದಲ್ಲಿ ಮಾತ್ರ ಸೆಳೆತಕ್ಕೊಂದು ಲೆಕ್ಕ ಸಿಕ್ಕಿತು. ಸರಿಯಾಗಿ ಔಷಧ ಸೇವಿಸುತ್ತಿದ್ದರೂ ತಿಂಗಳಿಗೆ ಐದರವರೆಗೆ ಸೆಳೆತ ಬಂದರೆ ಶೇ 25, ಆರರಿಂದ ಹತ್ತು ಬಂದರೆ ಶೇ 50, ಹತ್ತಕ್ಕಿಂತ ಹೆಚ್ಚಾದರೆ ಶೇ 75. ಅಂದರೆ ತಿಂಗಳಿಗೆ ಐದು ಬಾರಿ ಬೀಳುವ ಕೂಲಿಕಾರನಿಗೆ ಏನೂ ಇಲ್ಲ. ಆರನೆಯ ಬಾರಿ ಬಿದ್ದರೆ ಅರ್ಹತೆ!

ಎಣಿಸುವವರಾದರೂ ಯಾರು? ಸೆಳೆತ ಬರುವುದು ಹೊಲದಲ್ಲಿ, ಅಡುಗೆಮನೆಯಲ್ಲಿ, ನಿದ್ದೆಯಲ್ಲಿ. ವೈದ್ಯರ ಮುಂದೆ ನಿಂತ ದಿನ ಅವರು ಆರೋಗ್ಯವಂತರೇ. ಮೆದುಳಿನ ವಿದ್ಯುತ್ ಅಲೆಗಳ ಪರೀಕ್ಷೆಯಾದ ಇಇಜಿ ಕೂಡ ಎಷ್ಟೋ ಸಲ ಸಹಜವಾಗಿಯೇ ಬರುತ್ತದೆ. ಹೀಗಾಗಿ ಸೆಳೆತ ಬಂದ ದಿನಾಂಕಗಳನ್ನು ಮನೆಯವರು ಬರೆದಿಡುವುದು, ಔಷಧ ಚೀಟಿಗಳನ್ನು ಜೋಪಾನ ಮಾಡುವುದು ಬಹು ಮುಖ್ಯ.

2016ರ ಹೊಸ ಕಾಯ್ದೆ ಏಳರ ಪಟ್ಟಿಯನ್ನು 21ಕ್ಕೆ ಹಿಗ್ಗಿಸಿತು. ದೀರ್ಘಕಾಲದ ನರರೋಗಗಳಿಗೂ ಅದರಲ್ಲಿ ಜಾಗ ದೊರೆಯಿತು. ಆದರೆ ಉದಾಹರಣೆಯಾಗಿ ಹೆಸರಿಸಿದ್ದು ಪಾರ್ಕಿನ್‌ಸನ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಗಳನ್ನು. ಬುದ್ಧಿಮಾಂದ್ಯವೋ ಮಿದುಳು ವಾತವೋ ಜೊತೆಗಿದ್ದರೆ ಅದರ ಹೆಸರಿನಲ್ಲಿ ಪ್ರಮಾಣಪತ್ರ ಸಿಗಬಹುದು. ಬರೀ ಅಪಸ್ಮಾರವಿದ್ದವರ ಪಾಡು ಕಷ್ಟ.

ಇದು ಅಪರೂಪದ ಕಾಯಿಲೆಯೂ ಅಲ್ಲ. ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಸಾವಿರ ಮಂದಿಗೆ ನಗರದಲ್ಲಿ 5.7, ಹಳ್ಳಿಗಳಲ್ಲಿ 11.9 ಮಂದಿಗೆ ಅಪಸ್ಮಾರವಿತ್ತು.

ಹಕ್ಕು ಕಸಿಯುವಾಗ ಕಾನೂನು ಈ ಬೇನೆಯ ಹೆಸರು ಹಿಡಿದು ಕರೆಯಿತು. ಕೊಡುವಾಗ ಎರಡು ಸಲವೂ ಮರೆಯಿತು. ಮೂರ್ಛೆ ಬರುವ ಹೆಣ್ಣುಮಗಳನ್ನು ಊರು ಬಾವಿಗೆ ಕಳಿಸುವುದಿಲ್ಲ, ಒಲೆಯ ಮುಂದೆ ಕೂರಿಸುವುದಿಲ್ಲ, ಕೂಲಿಗೂ ಕರೆಯುವುದಿಲ್ಲ. ಅವಳ ವೈಕಲ್ಯವನ್ನು ಊರು ಎಂದೋ ಅಳೆದು ಮುಗಿಸಿದೆ. ಬಾಕಿ ಉಳಿದಿರುವುದು ಸರ್ಕಾರದ ಅಳತೆಯೊಂದೇ.