ಅಶೋಕನ ಅಡುಗೆಮನೆಯ ಎರಡು ನವಿಲು (ನಮ್ಮ ರಾಯಚೂರು ಇತಿಹಾಸ, ಭಾಗ 6)

ಮಾನ್ವಿ, ದೇವದುರ್ಗ ಕಡೆ ಹೊಲ ಇರೋ ಫ್ರೆಂಡ್ಸ್, ಈ ಮಾತು ನಿಮ್ಮ ಮನ್ಯಾಗೂ ಬಂದಿರ್ತದ: "ನವಿಲು ಭಾಳ ಆಗ್ಯಾವ, ಬಿತ್ತಿದ ಶೇಂಗಾ ಕೆದರಿ ತಿಂತಾವ, ಹೊಡಿಯಾಕ ಪರ್ಮಿಶನ್ ಕೊಡಬೇಕು." ಬರೀ ಸಿಟ್ಟಿನ ಮಾತಲ್ಲ ಇದು. 2023ರ 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' ವರದಿ ಪ್ರಕಾರ 2000ದಿಂದೀಚೆಗೆ ದೇಶದಲ್ಲಿ ನವಿಲು ಶೇ 150ಕ್ಕಿಂತ ಹೆಚ್ಚು ಏರಿವೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಮಸ್ಕಿ ಶಾಸನ 1915ರಲ್ಲಿ ಸಿಕ್ಕಿತು, ಅದರಲ್ಲಿ ಅಶೋಕನ ಹೆಸರೇ ಇದೆ ಅಂತ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೀವಿ. ಅದೇ ಅಶೋಕನ ಮೊದಲನೇ ಬಂಡೆ ಶಾಸನ ತುಂಗಭದ್ರೆಯ ಆಚೆ, ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲೂ ಇದೆ. ಅದು ಅರಮನೆ ಅಡುಗೆಮನೆಯ ಲೆಕ್ಕ ಹೇಳ್ತದ. ಮೊದಲು ದಿನಾ ಲಕ್ಷಗಟ್ಟಲೆ ಜೀವ ಕೊಲ್ತಿದ್ರಂತೆ. ಈಗ ಮೂರೇ: ಎರಡು ನವಿಲು, ಒಂದು ಜಿಂಕೆ. ಜಿಂಕೆನೂ ದಿನಾ ಇಲ್ಲ. ಮುಂದೆ ಈ ಮೂರೂ ಇಲ್ಲ. ಜಿಂಕೆ ಬಿಟ್ಟರೂ ನವಿಲು ಬಿಡೋಕೆ ಸಾಮ್ರಾಟನಿಗೂ ಟೈಮ್ ಬೇಕಾಯ್ತು ನೋಡ್ರಿ!

ಈಗ ಇನ್ನೊಂದು ಹಕ್ಕಿ, ಎರೆಭೂತ. ನಮ್ಮಂಥ ಎರೆ ಸೀಮೆಯದೇ. ಬ್ರಿಟಿಷರ ಕಾಲದಲ್ಲಿ ರಾಬರ್ಟ್ ಮ್ಯಾನ್ಸ್‌ಫೀಲ್ಡ್ ಎಂಬಾತ ಅಹ್ಮದ್‌ನಗರ ಜಿಲ್ಲೆಯೊಂದರಲ್ಲೇ 1809ರಿಂದ 1829ರೊಳಗೆ 961 ಎರೆಭೂತ ಹೊಡೆದಿದ್ದ. ಒಬ್ಬನೇ! ಈಗ ಇಡೀ ದೇಶದಲ್ಲಿ ಉಳಿದದ್ದು 150ರ ಆಸುಪಾಸು, ನಮ್ಮ ಪಕ್ಕದ ಸಿರುಗುಪ್ಪ ಕಡೆ ಬೆರಳೆಣಿಕೆ. ಇದನ್ನೇ ರಾಷ್ಟ್ರಪಕ್ಷಿ ಮಾಡಿ ಅಂತ ಸಲೀಂ ಅಲಿ ಕೇಳಿದ್ರು. 1963ರಲ್ಲಿ ಪಟ್ಟ ಸಿಕ್ಕಿದ್ದು ನವಿಲಿಗೆ.

ಎರಡೂ ಹಕ್ಕಿ ವನ್ಯಜೀವಿ ಕಾಯ್ದೆಯ ಮೊದಲನೇ ಶೆಡ್ಯೂಲ್‌ನಲ್ಲೇ ಇವೆ. ಹಂಗಾದ್ರೆ ಒಂದು ಏರಿ ಇನ್ನೊಂದು ಇಳಿದದ್ದು ಯಾಕೆ? ಎರೆಭೂತಕ್ಕೆ ಬಯಲು ಹುಲ್ಲುಗಾವಲೇ ಬೇಕು, ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡ್ತದ. ನವಿಲಿಗೆ ಹೊಲ, ಗಿಡ, ಕಾಲುವೆ ನೀರು ಇದ್ರೆ ಸಾಕು. ಕಾಳು, ಹುಳ, ಹಾವಿನ ಮರಿ ಏನೂ ನಡೀತದ. ಅಂದ್ರೆ ನವಿಲನ್ನ ಉಳಿಸಿದ್ದು ಬರೀ ಕಾನೂನಲ್ಲ, ನಮ್ಮ ಹೊಲಗಳೂ. ಆ ಖರ್ಚು ಮಾತ್ರ ರೈತನ ತಲೆ ಮೇಲೆ.

"ಹೆಚ್ಚಾದವು, ಹೊಡೀರಿ" ಅನ್ನೋದು ನಮ್ಮಲ್ಲಷ್ಟೇ ಅಲ್ಲ. ಅಮೆರಿಕದಲ್ಲಿ ಸ್ಯಾಂಡ್‌ಹಿಲ್ ಕೊಕ್ಕರೆ ಚೇತರಿಸಿಕೊಂಡ ಮೇಲೆ ಕೆಂಟಕಿ ರಾಜ್ಯ 2011ರಲ್ಲಿ ಬೇಟೆ ಶುರು ಮಾಡಿತು. ಜಗಳ ಇನ್ನೂ ನಿಂತಿಲ್ಲ. 2016ರಲ್ಲಿ ಗೋವಾದ ಕೃಷಿ ಸಚಿವರು ನವಿಲನ್ನ ಉಪದ್ರವಿಗಳ ಪಟ್ಟಿಗೆ ಸೇರಿಸೋ ಮಾತಾಡಿದ್ರು, ದೊಡ್ಡ ಗದ್ದಲ ಆಯ್ತು. 1972ರ ಕಾಯ್ದೆಯಲ್ಲಿ ಸಣ್ಣ ಬೇಟೆಗೆ ಲೈಸೆನ್ಸ್ ಇತ್ತು, 1991ರ ತಿದ್ದುಪಡಿ ಅದನ್ನೂ ತೆಗೀತು. ಬೆಳೆ ತಿಂತು ಅನ್ನೋ ಕಾರಣಕ್ಕೆ ನವಿಲು ಹೊಡಿಯಾಕ ಇವತ್ತು ಯಾವ ಅಧಿಕಾರಿಯೂ ಪರ್ಮಿಶನ್ ಕೊಡೋ ಹಂಗಿಲ್ಲ. ಕೊಂದ್ರೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ.

ನನಗನಿಸೋದು: ಬೇಟೆ ತೆರೆದ್ರೆ ಲಾಭ ಬಂದೂಕು ಇದ್ದೋರಿಗೆ, ಎರಡೆಕರೆ ಶೇಂಗಾದವನಿಗಲ್ಲ. ಅವನಿಗೆ ಬೇಕಾದದ್ದು ಬಿತ್ತಿದ ವಾರದ ಕಾವಲು, ನಷ್ಟಕ್ಕೆ ಬೇಗ ಸಿಗೋ ದುಡ್ಡು. ಹಂದಿ ಹೊಕ್ಕರೆ ಬೆಳೆ ಮಲಗಿದ್ದು ಕಾಣ್ತದ. ನವಿಲು ಆರಿಸಿದ ಬೀಜ ಯಾರಿಗೆ ತೋರಿಸ್ತೀರಿ? ಆ ಸಿಟ್ಟಿನಾಗೇ ಕೆಲವರು ಕಾಳಿಗೆ ವಿಷ ಕಲಿಸ್ತಾರ, ಅದಕ್ಕೆ ನವಿಲು, ಗೌಜಲಕ್ಕಿ ಅನ್ನೋ ಫರಕು ಗೊತ್ತಿಲ್ಲ.

ನಿಮ್ಮೂರಾಗ ಬಿತ್ತಿದ ಹೊಲಕ್ಕೆ ನವಿಲು ಬರದಂಗ ಏನ್ ಮಾಡ್ತಾರ? ಕಾಮೆಂಟ್‌ನಾಗ ಬರೀರಿ, ಮನ್ಯಾಗಿನ ಹಿರಿಯರನ್ನ ಕೇಳಿ.