ಡಬ್ಬಿಯಲ್ಲಿ ಏನಿತ್ತು?

ಪ್ರಾಗ್‌ನಲ್ಲಿ ವಿಚಾರ ಸಂಕಿರಣ ಮುಗಿದ ಮೇಲೆ ನನಗೆ ಮೂರು ದಿನ ರಜೆಯಿತ್ತು. ಸೇತುವೆ, ಕೋಟೆ, ಹಳೆಯ ಗಡಿಯಾರ ಎಲ್ಲ ನೋಡಿಯಾದ ಮೇಲೆ, ಕೊನೆಯ ದಿನ ಬೆಳಿಗ್ಗೆ ರೈಲು ಹತ್ತಿ ಕುಟ್ನಾ ಹೋರಾಕ್ಕೆ ಹೋದೆ. ಸುಮಾರು ಒಂದು ಗಂಟೆಯ ದಾರಿ. ಪ್ರವಾಸಿಗರಲ್ಲಿ ಹೆಚ್ಚಿನವರು ಅಲ್ಲಿಗೆ ಹೋಗುವುದು ಮನುಷ್ಯರ ಮೂಳೆಗಳಿಂದ ಅಲಂಕರಿಸಿದ ಪ್ರಾರ್ಥನಾಲಯ ನೋಡಲು. ನಾನು ಹೋದದ್ದು ಬೆಳ್ಳಿ ಗಣಿ ನೋಡಲು. ನನ್ನ ತಾತ ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವರು. ನನ್ನ ಪಿಎಚ್‌.ಡಿ. ವಿಷಯವೂ ಅದೇ ಗಣಿ.

13ನೇ ಶತಮಾನದ ಕೊನೆಯಲ್ಲಿ ಇಲ್ಲಿ ಬೆಳ್ಳಿ ಸಿಕ್ಕ ಸುದ್ದಿಗೆ ಜನ ಮುಗಿಬಿದ್ದು ಬಂದರು. 1300ರಲ್ಲಿ ಬೊಹೀಮಿಯಾದ ದೊರೆ ಎರಡನೆಯ ವಾಕ್ಲಾವ್ ನಾಣ್ಯ ಪದ್ಧತಿಯನ್ನು ಸುಧಾರಿಸಿ, 'ಪ್ರಾಗ್ ಗ್ರೋಶ್' ಎಂಬ ಬೆಳ್ಳಿ ನಾಣ್ಯ ತಂದ. ಅದಕ್ಕಾಗಿ ಫ್ಲಾರೆನ್ಸ್‌ನಿಂದ ತಜ್ಞರನ್ನು ಕರೆಸಿದ್ದರಿಂದ ಇಲ್ಲಿನ ಟಂಕಸಾಲೆಗೆ 'ಇಟಾಲಿಯನ್ ಕೋರ್ಟ್' ಎಂಬ ಹೆಸರು ಉಳಿದಿದೆ. ನಾಣ್ಯಕ್ಕೆ ಪ್ರಾಗ್‌ನ ಹೆಸರು, ಬೆಳ್ಳಿ ಕುಟ್ನಾ ಹೋರಾದ್ದು. ಕೋಲಾರದ ಚಿನ್ನ ಲಂಡನ್ನಿಗೆ ಹೋದ ಕಥೆ ಓದಿದವರಿಗೆ ಇದು ಹೊಸದೇನಲ್ಲ.

ಗಣಿ ಮ್ಯೂಸಿಯಂನಲ್ಲಿ ನಮಗೆಲ್ಲ ಬಿಳಿ ನಿಲುವಂಗಿ, ಹೆಲ್ಮೆಟ್, ದೀಪ ಕೊಟ್ಟರು. ಅಂದಿನ ಗಣಿಯವರು ತೊಡುತ್ತಿದ್ದದ್ದೂ ಬಿಳಿಯೇ. ಕತ್ತಲಲ್ಲಿ ಎದ್ದು ಕಾಣಲಿ ಎಂದು. ಸುರಂಗ ಎಷ್ಟು ಕಿರಿದೆಂದರೆ ಕೆಲವು ಕಡೆ ಅಡ್ಡ ತಿರುಗಿಯೇ ಹೋಗಬೇಕು. ಮೇಲೆ ಬಂದು ಸಂತ ಬಾರ್ಬರಾ ಚರ್ಚಿಗೆ ಹೋದೆ. ಬಾರ್ಬರಾ ಗಣಿಯವರನ್ನು ಕಾಯುವ ಸಂತಳು. 1388ರಲ್ಲಿ ಆರಂಭವಾದ ಈ ಚರ್ಚು ಪೂರ್ಣಗೊಂಡದ್ದು 1905ರಲ್ಲಿ. ಒಳಗೆ ಬಿಳಿ ಅಂಗಿ ತೊಟ್ಟ ಗಣಿಗಾರನ ಪ್ರತಿಮೆಯಿದೆ. ಗೋಡೆಯ ಮೇಲೆ ನಾಣ್ಯ ಟಂಕಿಸುವವರ ಚಿತ್ರಗಳಿವೆ. ರಾಜನೂ ಅಲ್ಲದ, ಸಂತನೂ ಅಲ್ಲದ ದುಡಿಯುವವನ ಮುಂದೆ ಬಹಳ ಹೊತ್ತು ನಿಂತಿದ್ದೆ.

ಮಧ್ಯಾಹ್ನ ಊರಿನವರೇ ತುಂಬಿದ್ದ ಒಂದು ಸಣ್ಣ ಹೋಟೆಲಿನಲ್ಲಿ ಊಟಕ್ಕೆ ಕೂತೆ. ಮೊದಲು ಆಲೂಗಡ್ಡೆ ಸೂಪು, ಆಮೇಲೆ ಗುಲಾಶ್, ಜೊತೆಗೆ ಕ್ನೆಡ್ಲಿಕ್. ಕ್ನೆಡ್ಲಿಕ್ ಎಂದರೆ ಗೋಧಿ ಹಿಟ್ಟಿಗೆ ಹಳೆಯ ಬ್ರೆಡ್ಡಿನ ತುಂಡು ಸೇರಿಸಿ ಬೇಯಿಸಿ, ಬಿಲ್ಲೆ ಬಿಲ್ಲೆಯಾಗಿ ಕೊಯ್ದ ಉಂಡೆ. ಅದರಲ್ಲಿ ಗುಲಾಶ್‌ನ ರಸ ಒರೆಸಿ ತಿನ್ನುವಾಗ ನಮ್ಮ ಮುದ್ದೆ, ಸಾರು ನೆನಪಾಗದೆ ಇರಲಿಲ್ಲ. ಗಣಿಯವರ ಊಟವನ್ನೇ ಉಣ್ಣುತ್ತಿದ್ದೇನೆ ಎಂದು ಒಂದು ಕ್ಷಣ ಹಿಗ್ಗಿದೆ. ಮರುಕ್ಷಣವೇ ಇತಿಹಾಸ ಕಲಿತ ತಲೆ ತಡೆಯಿತು. ಆಲೂಗಡ್ಡೆಯಾಗಲಿ, ಗುಲಾಶ್‌ಗೆ ಕೆಂಪು ಬಣ್ಣ ಕೊಡುವ ಮೆಣಸಿನ ಪುಡಿಯಾಗಲಿ ಆ ಕಾಲದಲ್ಲಿ ಇಲ್ಲಿರಲಿಲ್ಲ. ಎರಡೂ ಅಮೆರಿಕದಿಂದ ಬಂದವು. 16ನೇ ಶತಮಾನದಲ್ಲಿ ಅದೇ ಅಮೆರಿಕದ ಬೆಳ್ಳಿ ಯುರೋಪಿಗೆ ಹರಿದು ಬಂದು, ಮೊದಲೇ ಆಳಕ್ಕಿಳಿದು ಸೊರಗುತ್ತಿದ್ದ ಇಂಥ ಗಣಿಗಳನ್ನು ಇನ್ನಷ್ಟು ಬಡವಾಗಿಸಿತು.

ಹಾಗಾದರೆ ಗಣಿಯವರು ಏನು ತಿನ್ನುತ್ತಿದ್ದರು? ಈ ಪ್ರಶ್ನೆಯನ್ನು ನಾನು ಕೋಲಾರದ ಬಗ್ಗೆಯೂ ಕೇಳಿರಲಿಲ್ಲ. ನನ್ನ ಪ್ರಬಂಧದಲ್ಲಿ ವರ್ಷವಾರು ಚಿನ್ನದ ತೂಕವಿದೆ, ಶಾಫ್ಟ್‌ಗಳ ಆಳವಿದೆ, 2001ರಲ್ಲಿ ಗಣಿ ಮುಚ್ಚಿದ ತಾರೀಖಿದೆ. ತಾತನ ಊಟದ ಡಬ್ಬಿಯಲ್ಲಿ ಏನಿತ್ತೆಂಬುದು ಮಾತ್ರ ಇಲ್ಲ. ಕೇಳೋಣವೆಂದರೆ ತಾತ ಈಗಿಲ್ಲ.

ಅಲ್ಲಿಂದಲೇ ಅಜ್ಜಿಗೆ ಫೋನ್ ಮಾಡಿದೆ. "ತಾತನಿಗೆ ಮುದ್ದೆ ಕಟ್ಟಿ ಕೊಡ್ತಿದ್ದಾ?" ಅಂದೆ.

ಅಜ್ಜಿ ನಕ್ಕರು. "ಮುದ್ದೆ ಆರಿದ್ರೆ ಕಲ್ಲಾಗುತ್ತೆ ಕಣಮ್ಮ, ಅದನ್ನ ಯಾರಾದ್ರೂ ಡಬ್ಬಿಗೆ ಹಾಕ್ತಾರಾ? ಅನ್ನ, ಹುರುಳಿ ಸಾರು. ರಾತ್ರಿ ಪಾಳಿ ಇದ್ರೆ ಎರಡು ಈರುಳ್ಳಿ ಜಾಸ್ತಿ."

ಬಿಲ್ಲಿನ ಹಿಂಬದಿಯಲ್ಲಿ ಅದನ್ನು ಬರೆದುಕೊಂಡೆ.